ಮಗಳ ಹೈಸ್ಕೂಲ್ ಭಾಷೆ: ಎಂಟನೇ ಕ್ಲಾಸಿನಲ್ಲೇ ಹಾಕಿದ ಲೆಕ್ಕ

ಕ್ಯಾಲಿಫೋರ್ನಿಯಾದಲ್ಲಿ ಹೈಸ್ಕೂಲ್, ಅಂದರೆ ಒಂಬತ್ತರಿಂದ ಹನ್ನೆರಡನೇ ಕ್ಲಾಸ್, ಪಾಸಾಗಲು ಪರಭಾಷೆ ಓದಲೇಬೇಕು ಅಂತ ರಾಜ್ಯದ ನಿಯಮದಲ್ಲಿ ಇಲ್ಲ. ಕಲೆ, ಪರಭಾಷೆ ಅಥವಾ ವೃತ್ತಿ ಶಿಕ್ಷಣ, ಈ ಮೂರರಲ್ಲಿ ಯಾವುದಾದರೂ ಒಂದನ್ನು ಒಂದು ವರ್ಷ ಓದಿದರೆ ಸಾಕು. ಆದರೆ ಅದೇ ಮಗು ಮುಂದೆ ಬರ್ಕ್ಲಿಗೋ ಸ್ಯಾನ್ ಹೋಸೆ ಸ್ಟೇಟ್‌ಗೋ ಅರ್ಜಿ ಹಾಕಬೇಕು ಅಂದರೆ ಒಂದೇ ಭಾಷೆಯನ್ನು ಎರಡು ವರ್ಷ ಓದಿರಬೇಕು. ಹೈಸ್ಕೂಲಿನ ಡಿಪ್ಲೊಮಾ ಕೈಲಿದ್ದರೂ ಯೂನಿವರ್ಸಿಟಿಯ ಬಾಗಿಲಲ್ಲಿ ನಿಲ್ಲಬೇಕಾದ ಪರಿಸ್ಥಿತಿ ಬರಬಹುದು. ಸ್ಯಾನ್ ಫ್ರಾನ್ಸಿಸ್ಕೋ ಬೇ ಏರಿಯಾದಲ್ಲಿ ಮಗಳನ್ನು ಓದಿಸಿದ ನಾನು ಬೇರೆ ಅಪ್ಪ ಅಮ್ಮಂದಿರಿಗೆ ಮೊದಲು ಹೇಳುವುದು ಇದನ್ನೇ. ಶಾಲೆಯ ನಿಯಮ ಬೇರೆ, ಕಾಲೇಜಿನ ನಿಯಮ ಬೇರೆ. ಕ್ಲಾಸು ಆರಿಸುವಾಗ ಎರಡನ್ನೂ ಪಕ್ಕಪಕ್ಕ ಇಟ್ಟುಕೊಂಡು ನೋಡಬೇಕು.

ಬರ್ಕ್ಲಿ ಸೇರಿದ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾ (ಯುಸಿ) ಮತ್ತು ಸ್ಯಾನ್ ಹೋಸೆ ಸ್ಟೇಟ್ ಸೇರಿದ ಕ್ಯಾಲಿಫೋರ್ನಿಯಾ ಸ್ಟೇಟ್ ಯೂನಿವರ್ಸಿಟಿ (ಕ್ಯಾಲ್ ಸ್ಟೇಟ್) ಎರಡೂ ಕೇಳುವ ವಿಷಯಗಳ ಪಟ್ಟಿಗೆ ಇಲ್ಲಿ ಎ-ಜಿ ಅಂತಾರೆ. ಒಂದೊಂದು ವರ್ಷದ ಒಟ್ಟು 15 ಕೋರ್ಸುಗಳು, ಒಂದೊಂದು ಅಕ್ಷರಕ್ಕೆ ಒಂದು ವಿಷಯ. ಯುಸಿಗೆ ಹೋಗುವವರು ಅದರಲ್ಲಿ 11ನ್ನು ಹನ್ನೆರಡನೇ ಕ್ಲಾಸಿಗೆ ಕಾಲಿಡುವ ಮುಂಚೆಯೇ ಮುಗಿಸಿರಬೇಕು. ಅದರಲ್ಲಿ 'ಇ' ಅನ್ನುವುದು ಇಂಗ್ಲಿಷ್ ಬಿಟ್ಟು ಬೇರೆ ಭಾಷೆ. ಎರಡು ವರ್ಷ ಕಡ್ಡಾಯ, ಮೂರು ವರ್ಷ ಆದರೆ ಒಳ್ಳೆಯದು ಅಂತ ಯುಸಿಯೇ ಹೇಳುತ್ತದೆ. ಗ್ರೇಡ್ ಸಿ ಅಥವಾ ಅದಕ್ಕಿಂತ ಮೇಲಿರಬೇಕು. ಲ್ಯಾಟಿನ್ ಆಗುತ್ತದೆ, ಅಮೆರಿಕನ್ ಸನ್ನೆ ಭಾಷೆಯೂ ಆಗುತ್ತದೆ. ಒಂದು ವರ್ಷ ಸ್ಪ್ಯಾನಿಷ್, ಇನ್ನೊಂದು ವರ್ಷ ಫ್ರೆಂಚ್ ಅಂದರೆ ಆಗುವುದಿಲ್ಲ.

ಮಗಳು ಎಂಟನೇ ಕ್ಲಾಸಿನಲ್ಲಿದ್ದಾಗ, ಹೈಸ್ಕೂಲಿನ ಕ್ಲಾಸು ಆರಿಸುವ ಫಾರಂ ಮನೆಗೆ ಬಂದ ವಾರ, ಊಟದ ಮೇಜಿನ ಮೇಲೆ ಒಂದು ದೊಡ್ಡ ಹಾಳೆ ಹರಡಿಕೊಂಡು ಕೂತೆವು. ನಾಲ್ಕು ಸಾಲು, ಆರು ಮನೆ. ಸಾಲು ಅಂದರೆ ವರ್ಷ, ಮನೆ ಅಂದರೆ ದಿನದ ಒಂದು ಪೀರಿಯಡ್. ಒಂಬತ್ತನೇ ಕ್ಲಾಸಿನ ಸಾಲಿನಲ್ಲಿ ಇಂಗ್ಲಿಷ್, ಗಣಿತ, ಬಯಾಲಜಿ, ಪಿಇ (ದೈಹಿಕ ಶಿಕ್ಷಣ) ಬರೆದ ಮೇಲೆ ಉಳಿದದ್ದು ಎರಡೇ ಮನೆ. ಅವಳಿಗೆ ಕ್ಲ್ಯಾರಿನೆಟ್ ಅಂದರೆ ಪ್ರಾಣ, ಒಂದು ಮನೆ ಬ್ಯಾಂಡ್‌ಗೆ ಹೋಯಿತು. "ಅಮ್ಮಾ, ಸ್ಪ್ಯಾನಿಷ್ ಮುಂದಿನ ವರ್ಷ ತಗೊಳ್ತೀನಿ, ಈ ವರ್ಷ ಕಂಪ್ಯೂಟರ್ ಸೈನ್ಸ್ ಇರಲಿ" ಅಂದಳು. "ಸರಿ ಪುಟ್ಟಿ, ಮುಂದಿನ ವರ್ಷದ ಸಾಲನ್ನೂ ನೀನೇ ತುಂಬಿಸು" ಅಂದೆ. ಹತ್ತನೇ ಕ್ಲಾಸಿಗೆ ಇಂಗ್ಲಿಷ್, ಗಣಿತ, ವಿಜ್ಞಾನದ ಜೊತೆಗೆ ವರ್ಲ್ಡ್ ಹಿಸ್ಟರಿ ಬಂತು, ಪಿಇ ಇನ್ನೊಂದು ವರ್ಷ ಇದ್ದೇ ಇತ್ತು. ಬ್ಯಾಂಡ್ ಇಟ್ಟುಕೊಂಡರೆ ಭಾಷೆಗೆ ಜಾಗವೇ ಇಲ್ಲ. ನಾನು ಇನ್ನೇನೂ ಹೇಳಬೇಕಾಗಲಿಲ್ಲ. ಒಂಬತ್ತನೇ ಕ್ಲಾಸಿನ ಕಂಪ್ಯೂಟರ್ ಸೈನ್ಸನ್ನು ಅವಳೇ ಅಳಿಸಿ ಸ್ಪ್ಯಾನಿಷ್ ಬರೆದಳು. ಹತ್ತನೇ ಕ್ಲಾಸಿಗೆ ಬೇಕಾದ ಇನ್ನೊಂದು ಮನೆಯನ್ನು ಬೇಸಿಗೆಯಲ್ಲಿ ಒಂದು ಕೋರ್ಸ್ ಮುಗಿಸಿ ಖಾಲಿ ಮಾಡಿಕೊಳ್ಳುವುದು ಅಂತ ತೀರ್ಮಾನವಾಯಿತು.

ನಾಲ್ಕು ವರ್ಷವನ್ನೂ ಒಟ್ಟಿಗೆ ಬರೆಯದೆ ಒಂದೊಂದೇ ವರ್ಷ ಆರಿಸುತ್ತಾ ಹೋದರೆ ಯಾವಾಗಲೂ ಹಿಂದೆ ಬೀಳುವುದು ಭಾಷೆಯೇ. ಗಣಿತ, ಇಂಗ್ಲಿಷನ್ನು ಶಾಲೆಯೇ ಹಾಕುತ್ತದೆ. ಭಾಷೆಯನ್ನು ನಾವೇ ಕೇಳಿ ಹಾಕಿಸಬೇಕು.

ಇನ್ನೊಂದು ವಿಷಯ ತುಂಬಾ ಜನರಿಗೆ ಗೊತ್ತಿರುವುದಿಲ್ಲ. ಯುಸಿ ನೋಡುವುದು ಎಷ್ಟು ವರ್ಷ ಕೂತೆ ಅನ್ನುವುದಕ್ಕಿಂತ ಯಾವ ಲೆವೆಲ್ ಮುಗಿಸಿದೆ ಅನ್ನುವುದನ್ನು. ಮಗಳು ಏಳು ಮತ್ತು ಎಂಟನೇ ಕ್ಲಾಸಿನಲ್ಲಿ ಸ್ಪ್ಯಾನಿಷ್ ಓದಿದ್ದಳು. ಹೈಸ್ಕೂಲ್ ಅದನ್ನು ತನ್ನ ಸ್ಪ್ಯಾನಿಷ್ 1ಕ್ಕೆ ಸಮ ಅಂತ ಒಪ್ಪಿ, ಒಂಬತ್ತರಲ್ಲಿ ನೇರವಾಗಿ ಸ್ಪ್ಯಾನಿಷ್ 2ಕ್ಕೆ ಸೇರಿಸಿಕೊಂಡಿತು. ಮೇಲಿನ ಲೆವೆಲ್‌ನಲ್ಲಿ ಸಿ ಬಂದರೆ ಕೆಳಗಿನದೂ ಆಯಿತು ಅಂತಲೇ ಲೆಕ್ಕ. ಮೊದಲ ಸೆಮಿಸ್ಟರ್‌ನಲ್ಲಿ ಡಿ ಬಂದು ಎರಡನೆಯದರಲ್ಲಿ ಸಿ ಬಂದರೂ ಭಾಷೆಯಲ್ಲಿ ಹೀಗೇ ಸರಿಹೋಗುತ್ತದೆ. ಹಾಗಾಗಿ ಒಂಬತ್ತನೇ ಕ್ಲಾಸ್ ಮುಗಿಯುವ ಹೊತ್ತಿಗೆ ಅವಳ ಕಡ್ಡಾಯದ ಎರಡು ವರ್ಷ ಮುಗಿದಿತ್ತು.

ನಿಲ್ಲಿಸುವ ಆಸೆ ಹುಟ್ಟುವುದು ಅಲ್ಲಿಯೇ. ನಾನು ನಿಲ್ಲಿಸಬೇಡ ಅಂದೆ, ಈಗಲೂ ಎಲ್ಲರಿಗೂ ಅದನ್ನೇ ಹೇಳುತ್ತೇನೆ. ಒಂದೊಂದು ಕಾಲೇಜಿನ ನಿರೀಕ್ಷೆ ಒಂದೊಂದು ಥರ ಇರುತ್ತದೆ. ಎಂಐಟಿ ಎರಡು ವರ್ಷ ಅನ್ನುತ್ತದೆ. ಸ್ಟ್ಯಾನ್‌ಫರ್ಡ್ ಒಂದೇ ಭಾಷೆ ಮೂರು ವರ್ಷ ಅಥವಾ ಜಾಸ್ತಿ ಇರಲಿ ಅನ್ನುತ್ತದೆ. ಹಾರ್ವರ್ಡ್, ಪ್ರಿನ್ಸ್‌ಟನ್ ನಾಲ್ಕು ವರ್ಷ ಅನ್ನುತ್ತವೆ. ಇವು ಸಲಹೆಗಳು, ಕಡ್ಡಾಯವಲ್ಲ, ನಿಜ. ಆದರೆ ಹದಿನಾಲ್ಕು ವರ್ಷದ ಮಗು ಮುಂದೆ ಎಲ್ಲಿಗೆ ಅರ್ಜಿ ಹಾಕುತ್ತದೆ ಅಂತ ಯಾರಿಗೆ ಗೊತ್ತು? ಭಾಷೆ ನಡುವೆ ಒಂದು ವರ್ಷ ಬಿಟ್ಟುಹೋದರೆ ಮತ್ತೆ ಹಿಡಿಯುವುದು ಬಹಳ ಕಷ್ಟ. ಆದ್ದರಿಂದ ಹತ್ತರಲ್ಲಿ ಸ್ಪ್ಯಾನಿಷ್ 3, ಹನ್ನೊಂದರಲ್ಲಿ ಎಪಿ (ಹೈಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸ್) ಸ್ಪ್ಯಾನಿಷ್ ಅಂತ ಬರೆದೆವು, ಹಾಗೇ ನಡೆಯಿತು. ಯುಸಿ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಹಾಕುವುದು ಹತ್ತು ಮತ್ತು ಹನ್ನೊಂದನೇ ಕ್ಲಾಸಿನ ಗ್ರೇಡುಗಳಿಂದ, ಎಪಿ ಕ್ಲಾಸಿಗೆ ಅದರಲ್ಲಿ ಹೆಚ್ಚಿನ ಅಂಕವೂ ಸಿಗುತ್ತದೆ. ಹಾಗಾಗಿ ಹನ್ನೊಂದರಲ್ಲಿ ಎಪಿಗೆ ಮುಟ್ಟುವ ಹಾಗೆ ಹಿಂದಿನಿಂದ ಎಣಿಸಿಕೊಂಡು ಬಂದದ್ದು ಚೆನ್ನಾಗಿ ಕೂಡಿ ಬಂತು.

ಕ್ಲಾಸಿನ ಹೆಸರು ನೋಡಿ ನಂಬಬೇಡಿ. ಯುಸಿ ಪ್ರತಿ ಹೈಸ್ಕೂಲಿನ ಒಪ್ಪಿತ ಕೋರ್ಸುಗಳ ಪಟ್ಟಿಯನ್ನು ಆನ್‌ಲೈನ್‌ನಲ್ಲಿ ಇಟ್ಟಿದೆ. ಶಾಲೆಯ ಹೆಸರು ಹಾಕಿದರೆ 'ಇ' ಕೆಳಗೆ ಯಾವ ಯಾವ ಭಾಷೆ, ಯಾವ ಲೆವೆಲ್ ಇದೆ ಅಂತ ಕಾಣುತ್ತದೆ. ಆ ಪಟ್ಟಿಯಲ್ಲಿ ಇಲ್ಲದ ಕ್ಲಾಸು ಎಷ್ಟೇ ಚೆನ್ನಾಗಿದ್ದರೂ ಈ ಲೆಕ್ಕಕ್ಕೆ ಬರುವುದಿಲ್ಲ. ಆನ್‌ಲೈನ್ ಶಾಲೆಯಲ್ಲಿ ಬೇಸಿಗೆ ಕೋರ್ಸ್ ತಗೊಳ್ಳುವವರಂತೂ ದುಡ್ಡು ಕಟ್ಟುವ ಮುಂಚೆ ಇದನ್ನು ನೋಡಲೇಬೇಕು. ಕಮ್ಯುನಿಟಿ ಕಾಲೇಜಿನಲ್ಲೂ (ಊರಿನ ಎರಡು ವರ್ಷದ ಕಾಲೇಜು) ಭಾಷೆ ಓದಬಹುದು, ಬೇಗ ಮುಗಿಯುತ್ತದೆ. ಆದರೆ ಬರೀ ಸಂಭಾಷಣೆಯ ಕ್ಲಾಸನ್ನು ಯುಸಿ ಒಪ್ಪುವುದಿಲ್ಲ.

ಇನ್ನು ಎಲ್ಲ ಕನ್ನಡದ ಮನೆಗಳಲ್ಲೂ ಏಳುವ ಪ್ರಶ್ನೆ. ಮಗುವಿಗೆ ಕನ್ನಡ ಬರುತ್ತಲ್ವಾ, ಅದನ್ನೇ ತೋರಿಸಬಾರದಾ? ನಮ್ಮ ಮಗಳು ಶಿವಮೊಗ್ಗದ ಅಜ್ಜಿ ಹತ್ತಿರ ಫೋನಿನಲ್ಲಿ ಗಂಟೆಗಟ್ಟಲೆ ಕನ್ನಡದಲ್ಲೇ ಮಾತಾಡುತ್ತಾಳೆ. ಆದರೆ ಮಾತಾಡಲು ಬಂದರೆ ಸಾಲದು, ದಾಖಲೆ ಬೇಕು. ಎಪಿಯಲ್ಲಿ ಕನ್ನಡ ಇಲ್ಲ, ಹಿಂದಿಯೂ ಇಲ್ಲ. ಇರುವ ದಾರಿ ಎಂದರೆ ಶಾಲೆ ಅದನ್ನು ಒಪ್ಪಿ ಟ್ರಾನ್ಸ್‌ಕ್ರಿಪ್ಟ್‌ನಲ್ಲಿ, ಅಂದರೆ ಅಧಿಕೃತ ಅಂಕಪಟ್ಟಿಯಲ್ಲಿ, ಬರೆಯಬೇಕು. ಕೆಲವು ಶಾಲಾ ಜಿಲ್ಲೆಗಳು (ಒಂದು ಪ್ರದೇಶದ ಸರ್ಕಾರಿ ಶಾಲೆಗಳನ್ನು ನಡೆಸುವ ಆಡಳಿತ) ವಾರಾಂತ್ಯದ ಕನ್ನಡ ಶಾಲೆಯ ಓದಿಗೆ ಕ್ರೆಡಿಟ್ ಕೊಡುತ್ತವೆ, ಕೆಲವು ಕೊಡುವುದಿಲ್ಲ. ನಿಮ್ಮ ಶಾಲಾ ಜಿಲ್ಲೆ ಕೊಡುತ್ತದಾ, ಯಾವ ಲೆವೆಲ್‌ಗೆ ಕೊಡುತ್ತದೆ ಅಂತ ಕೌನ್ಸೆಲರ್ ಹತ್ತಿರ ಇಮೇಲ್‌ನಲ್ಲೇ ಕೇಳಿ, ಉತ್ತರವನ್ನು ಜೋಪಾನವಾಗಿ ಇಟ್ಟುಕೊಳ್ಳಿ. ಬಾಯಿಮಾತಿನ "ಆಗಬಹುದು" ಹನ್ನೆರಡನೇ ಕ್ಲಾಸಿನಲ್ಲಿ ಕೈ ಹಿಡಿಯುವುದಿಲ್ಲ. ನಾವು ಕಾಲೇಜಿನ ಲೆಕ್ಕಕ್ಕೆ ಸ್ಪ್ಯಾನಿಷ್ ಇಟ್ಟುಕೊಂಡೆವು. ಕನ್ನಡದ ಓದು ಬರಹ ಭಾನುವಾರದ ಕ್ಲಾಸಿನಲ್ಲಿ ತನ್ನ ಪಾಡಿಗೆ ನಡೆಯಿತು. ಕ್ರೆಡಿಟ್ ಸಿಗುವುದಿಲ್ಲ ಅಂತ ಕನ್ನಡ ಬಿಡಿಸುವ ಮನೆಗಳನ್ನು ನೋಡಿದ್ದೇನೆ. ನನಗೆ ಅದು ಸಂಕಟ ತರುತ್ತದೆ.

ಹತ್ತು ಹನ್ನೊಂದನೇ ಕ್ಲಾಸಿನ ವಯಸ್ಸಿನ ಮಕ್ಕಳನ್ನು ಕರೆದುಕೊಂಡು ಈಗ ಕರ್ನಾಟಕದಿಂದ ಬರುತ್ತಿರುವವರ ವಿಷಯ ಬೇರೆ. ಯುಸಿಯ ಒಂದು ನಿಯಮ ಅವರಿಗೆ ತುಂಬಾ ಉಪಯೋಗ. ಆರನೇ ಕ್ಲಾಸ್ ಅಥವಾ ಅದರ ಮೇಲೆ, ಇಂಗ್ಲಿಷ್ ಅಲ್ಲದ ಮಾಧ್ಯಮದ ಶಾಲೆಯಲ್ಲಿ ಎರಡು ವರ್ಷ ಓದಿ, ಎರಡರಲ್ಲೂ ಸಿ ಅಥವಾ ಅದಕ್ಕಿಂತ ಮೇಲಿದ್ದರೆ ಭಾಷೆಯ ಶರತ್ತು ಅಲ್ಲಿಗೆ ಮುಗಿಯಿತು. ಅಂದರೆ ಕನ್ನಡ ಮಾಧ್ಯಮದಲ್ಲಿ ಆರು, ಏಳು ಓದಿದ ಮಗುವಿಗೆ ಮತ್ತೆ ಸ್ಪ್ಯಾನಿಷ್ 1ರಿಂದ ಶುರು ಮಾಡುವ ಅಗತ್ಯ ಇಲ್ಲ. ಇಂಗ್ಲಿಷ್ ಮಾಧ್ಯಮದಲ್ಲಿ ಓದಿ ಕನ್ನಡವನ್ನು ಒಂದು ಭಾಷೆಯಾಗಿ ತಗೊಂಡಿದ್ದ ಮಕ್ಕಳಿಗೆ ಈ ನಿಯಮ ಹೊಂದುವುದಿಲ್ಲ. ಅವರು ಕನ್ನಡದ ಅಂಕಗಳನ್ನು ತೋರಿಸಿ, ಶಾಲೆ ಅದನ್ನು ಹೇಗೆ ಪರಿಗಣಿಸುತ್ತದೆ ಅಂತ ಕೇಳಬೇಕು. ಎರಡೂ ಥರದವರು ಊರು ಬಿಡುವ ಮುಂಚೆ ಆರನೇ ಕ್ಲಾಸಿನಿಂದ ಈಚಿನ ಎಲ್ಲ ಮಾರ್ಕ್ಸ್ ಕಾರ್ಡ್ ತಗೊಳ್ಳಿ. ಬೋಧನಾ ಮಾಧ್ಯಮ ಯಾವುದು, ಕನ್ನಡ ಪ್ರಥಮ ಭಾಷೆಯೋ ದ್ವಿತೀಯ ಭಾಷೆಯೋ ಅಂತ ಹೆಡ್‌ಮಾಸ್ಟರ ಸಹಿ, ಸೀಲು ಇರುವ ಪತ್ರವನ್ನು ಇಂಗ್ಲಿಷಿನಲ್ಲಿ ಬರೆಸಿಕೊಂಡು ಬನ್ನಿ. ಇಲ್ಲಿಗೆ ಬಂದ ಮೇಲೆ ಅಲ್ಲಿಂದ ತರಿಸುವುದು ದೊಡ್ಡ ರಗಳೆ.