ವೀಸಾದಂಥ ಅಮೆರಿಕದ ಕಂಪನಿಯ ಷೇರು ಕೊಳ್ಳುವ ಮುನ್ನ

ಕಾರ್ಡ್ ಪಾವತಿಯ ಜಾಲ ನಡೆಸುವ ವೀಸಾ ಕಂಪನಿಯ ಷೇರು ಕೊಳ್ಳುವ ಯೋಚನೆಯಿರುವವರು ಮೊದಲು ಅದರ ವ್ಯವಹಾರವನ್ನು ಅರಿಯಬೇಕು. ಅದು ಯಾರಿಗೂ ಸಾಲ ಕೊಡುವುದಿಲ್ಲ. ಕಾರ್ಡ್ ಕೊಡುವುದೂ ಬಾಕಿಯ ಅಪಾಯ ಹೊರುವುದೂ ಬ್ಯಾಂಕುಗಳು. ವೀಸಾದ ಆದಾಯ ಮುಖ್ಯವಾಗಿ ಜಾಲವನ್ನು ಬಳಸಿದ್ದಕ್ಕೆ ಬ್ಯಾಂಕುಗಳು ತೆರುವ ಶುಲ್ಕದಿಂದ ಬರುತ್ತದೆ.

ರಿಸರ್ವ್ ಬ್ಯಾಂಕಿನ ಉದಾರೀಕೃತ ಹಣ ರವಾನೆ ಯೋಜನೆಯಡಿ ನಿವಾಸಿ ಭಾರತೀಯರೊಬ್ಬರು ಒಂದು ಹಣಕಾಸು ವರ್ಷದಲ್ಲಿ 2,50,000 ಡಾಲರ್‌ವರೆಗೆ ಹೊರಗೆ ಕಳುಹಿಸಬಹುದು. ಆದರೆ ಹೂಡಿಕೆಗೆಂದು ಕಳುಹಿಸುವ ಹಣ ವರ್ಷಕ್ಕೆ 10 ಲಕ್ಷ ರೂಪಾಯಿ ದಾಟಿದರೆ, ದಾಟಿದ ಭಾಗದ ಮೇಲೆ ಬ್ಯಾಂಕು ಶೇ 20ರಷ್ಟು ಟಿಸಿಎಸ್ (ಮೂಲದಲ್ಲೇ ಮುಂಗಡವಾಗಿ ಸಂಗ್ರಹಿಸುವ ಆದಾಯ ತೆರಿಗೆ) ಹಿಡಿಯುತ್ತದೆ. ರಿಟರ್ನ್ಸ್‌ನಲ್ಲಿ ಅದನ್ನು ಕಟ್ಟಬೇಕಾದ ತೆರಿಗೆಗೆ ಹೊಂದಿಸಿಕೊಳ್ಳಬಹುದಾದರೂ ಅಲ್ಲಿಯವರೆಗೆ ಹಣ ಕೈಯಲ್ಲಿರುವುದಿಲ್ಲ. ಸಣ್ಣ ಮೊತ್ತ ಕಳುಹಿಸುವವರು ಬ್ಯಾಂಕಿನ ರವಾನೆ ಶುಲ್ಕವನ್ನೂ ಡಾಲರಿಗೆ ಅದು ಹಾಕುವ ದರವನ್ನೂ ಮೊದಲೇ ಬರಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು. ಪ್ರತಿ ತಿಂಗಳೂ ಸ್ವಲ್ಪಸ್ವಲ್ಪ ಕಳುಹಿಸಿದರೆ ಈ ಖರ್ಚೇ ಲಾಭವನ್ನು ತಿಂದುಹಾಕುತ್ತದೆ.

ಬ್ರೋಕರ್ ಖಾತೆ ತೆರೆಯುವಾಗ ಅಮೆರಿಕದ ನಿವಾಸಿಯಲ್ಲವೆಂದು ತಿಳಿಸುವ ಡಬ್ಲ್ಯೂ-8ಬೆನ್ ಫಾರಂ ತುಂಬಿದರೆ ಡಿವಿಡೆಂಡ್ (ಕಂಪನಿ ಹಂಚುವ ಲಾಭಾಂಶ) ಮೇಲಿನ ಅಮೆರಿಕದ ತೆರಿಗೆ ಶೇ 30ರ ಬದಲು ಶೇ 25 ಆಗುತ್ತದೆ. ಷೇರನ್ನು 24 ತಿಂಗಳಿಗಿಂತ ಹೆಚ್ಚು ಇಟ್ಟುಕೊಂಡು ಮಾರಿದರೆ ಲಾಭದ ಮೇಲೆ ಇಲ್ಲಿ ಶೇ 12.5ರಷ್ಟು ತೆರಿಗೆ, ಜೊತೆಗೆ ಸೆಸ್.

ಹೆಚ್ಚಿನವರು ಮರೆಯುವುದು ಆದಾಯ ತೆರಿಗೆ ರಿಟರ್ನ್ಸ್‌ನಲ್ಲಿ ವಿದೇಶಿ ಆಸ್ತಿ ತೋರಿಸುವ ಭಾಗವಾದ ಶೆಡ್ಯೂಲ್ ಎಫ್‌ಎ. ಒಂದೇ ಷೇರಿದ್ದರೂ, ಮಾರದೇ ಇದ್ದರೂ, ಅದನ್ನು ಏಪ್ರಿಲ್–ಮಾರ್ಚ್ ಲೆಕ್ಕದಲ್ಲಲ್ಲ, ಜನವರಿಯಿಂದ ಡಿಸೆಂಬರ್‌ವರೆಗಿನ ಲೆಕ್ಕದಲ್ಲಿ ಅಲ್ಲಿ ನಮೂದಿಸಲೇಬೇಕು. ಬ್ರೋಕರ್ ಕೊಡುವ ಡಿಸೆಂಬರ್ 31ರ ಸ್ಟೇಟ್‌ಮೆಂಟನ್ನು ಆಗಲೇ ಇಳಿಸಿಟ್ಟುಕೊಳ್ಳಿ.