ಹೆಲ್ಮ್ಸ್ ಕಥೆಯನ್ನು ಬಾಲದಿಂದ ಹಿಡಿದೆ

ಅಮೆರಿಕದ ಬೇಹುಗಾರಿಕೆ ಸಂಸ್ಥೆ ಸಿಐಎಯ ಮುಖ್ಯಸ್ಥನಾಗಿದ್ದ ರಿಚರ್ಡ್ ಹೆಲ್ಮ್ಸ್ ಮೇಲೆ ಕನ್ನಡದಲ್ಲಿ ಪಾಡ್‌ಕಾಸ್ಟ್ ಮಾಡುತ್ತೇನೆ ಅಂದಾಗ ಜೊತೆಯವರೆಲ್ಲ ನಕ್ಕರು. "ಸಿಐಎ ಮುಖ್ಯಸ್ಥನ ಕಥೆ ನಮ್ಮ ಜನಕ್ಕೆ ಯಾಕಪ್ಪಾ?" ಮೊದಲ ಸಲ ಅವರು ಹೇಳಿದ್ದೇ ಆಯಿತು.

ಹುಟ್ಟಿದ 1913ರಿಂದ ಶುರು ಮಾಡಿದ್ದೆ. ಬರ್ಲಿನ್‌ನಲ್ಲಿ ಪತ್ರಕರ್ತ, ಯುದ್ಧಕಾಲದ ಬೇಹುಗಾರಿಕೆ, 1966ರಲ್ಲಿ ಸಿಐಎ ಕುರ್ಚಿ, ಹೀಗೆ ಸಾಲಾಗಿ ಐವತ್ತು ನಿಮಿಷ. ನಾಲ್ಕನೇ ನಿಮಿಷಕ್ಕೇ ಮುಕ್ಕಾಲು ಜನ ಖಾಲಿ. ಸ್ಟುಡಿಯೋ ಬಾಡಿಗೆ, ಎಡಿಟಿಂಗ್ ಸೇರಿ ಹನ್ನೊಂದೋ ಹನ್ನೆರಡೋ ಸಾವಿರ ಹೋಗಿತ್ತು. ಎರಡನೇ ಸಲ ನಾಟಕದ ಥರ ಮಾಡಿದೆ. ಆಗಿನ ಅಮೆರಿಕದ ಅಧ್ಯಕ್ಷ ನಿಕ್ಸನ್ ಪಾತ್ರಕ್ಕೆ ಕರೆದ ಗೆಳೆಯ ದುರ್ಯೋಧನನ ಗತ್ತಿನಲ್ಲಿ ಗುಡುಗಿದ. ಇನ್ನೊಂದು ನಾಲ್ಕು ಸಾವಿರ ನೀರಿಗೆ.

ಮೂರನೇ ಸಲ ಸ್ಟುಡಿಯೋ ಬಿಟ್ಟೆ. ಮನೆಯ ಬೀರು ಬಾಗಿಲು ತೆಗೆದು, ಬಟ್ಟೆ ಮುಂದೆ ಕೂತು ರೆಕಾರ್ಡ್ ಮಾಡಿದೆ. ಕಥೆ ಶುರುವಾಗೋದು 1977ರ ನವೆಂಬರ್‌ನಲ್ಲಿ. ಕೋರ್ಟು 2,000 ಡಾಲರ್ ದಂಡ ಹಾಕಿದೆ, ಎರಡು ವರ್ಷದ ಜೈಲು ಶಿಕ್ಷೆ ಅಮಾನತಿನಲ್ಲಿದೆ. ಹೆಲ್ಮ್ಸ್ ಅವತ್ತೇ ಹಳೇ ಸಹೋದ್ಯೋಗಿಗಳ ಊಟದ ಕೂಟಕ್ಕೆ ಹೋಗುತ್ತಾರೆ. ಅವರೆಲ್ಲ ಎದ್ದು ನಿಂತು ಚಪ್ಪಾಳೆ ತಟ್ಟಿ, ಕಸದ ಬುಟ್ಟಿಗೆ ನೋಟು, ಚೆಕ್ಕು ಹಾಕಿ ದಂಡದ ದುಡ್ಡು ಕೂಡಿಸುತ್ತಾರೆ.

ಬುಟ್ಟಿಯ ಮಾತು ಕೇಳಿದವರು ಎದ್ದು ಹೋಗಲಿಲ್ಲ. ತಪ್ಪೇನು ಅಂತ ಗೊತ್ತಾಗಬೇಕು, ಅಲ್ವಾ? ಆಗ 1970ರ ಸೆಪ್ಟೆಂಬರ್ 15ಕ್ಕೆ ಹೋದೆ. ಚಿಲಿಯಲ್ಲಿ ಎಡಪಂಥೀಯ ನಾಯಕ ಅಯೆಂದೆ ಅಧಿಕಾರಕ್ಕೆ ಬರಕೂಡದು ಅಂತ ನಿಕ್ಸನ್ ಅಪ್ಪಣೆ. ಒಂದು ಕೋಟಿ ಡಾಲರ್ ಇದೆ, ಬೇಕಾದರೆ ಇನ್ನೂ ಜಾಸ್ತಿ ಅಂತ ಹೆಲ್ಮ್ಸ್ ಕೈಯಾರೆ ಬರೆದುಕೊಂಡ ಚೀಟಿ. ವಿರೋಧ ಪಕ್ಷದ ಕಚೇರಿಗೆ ನುಗ್ಗಿದ ವಾಟರ್‌ಗೇಟ್ ಹಗರಣ ಶುರುವಾದಮೇಲೆ ನಿಕ್ಸನ್ ಹೆಲ್ಮ್ಸ್ ಕುರ್ಚಿ ಕಿತ್ತುಕೊಂಡು, ರಾಯಭಾರಿಯಾಗಿ ಹೋಗಿ ಅಂದರು. ಮಾಸ್ಕೋ ಮಾತು ಬಂದಾಗ, ರಷ್ಯದವರು ಒಪ್ಪಲಿಕ್ಕಿಲ್ಲ ಅಂತ ಹೆಲ್ಮ್ಸೇ ಇರಾನ್ ಹೆಸರು ಹೇಳಿದರು. ಆದರೆ ರಾಯಭಾರಿ ಆಗಬೇಕಾದರೆ ಸೆನೆಟ್ ಸಮಿತಿ ಮುಂದೆ ಪ್ರಮಾಣ ಮಾಡಿ ಉತ್ತರ ಕೊಡಬೇಕು. 1973ರಲ್ಲಿ ಅಲ್ಲಿ, ಚಿಲಿ ಸರ್ಕಾರ ಉರುಳಿಸೋಕೆ ಸಿಐಎ ನೋಡಿತ್ತಾ ಅಂತ ಕೇಳಿದರು. ಇಲ್ಲ ಅಂದುಬಿಟ್ಟರು. ಆ ದಂಡ ಬಿದ್ದಿದ್ದು ಇಂಥ ಉತ್ತರಕ್ಕೇ. ಗುಟ್ಟು ಕಾಯೋದೇ ಕಸುಬಾಗಿದ್ದ ಮನುಷ್ಯ ಹೊಸ ಕೆಲಸದ ಇಂಟರ್‌ವ್ಯೂನಲ್ಲೇ ಸಿಕ್ಕಿಬಿದ್ದ!

ಈ ಸಲ ಇಪ್ಪತ್ತೆರಡು ನಿಮಿಷ, ಖರ್ಚು ಆರುನೂರು. ಅರ್ಧಕ್ಕಿಂತ ಜಾಸ್ತಿ ಜನ ಕೊನೇವರೆಗೂ ಕೇಳಿದರು. "ಇಲ್ಲ" ಅನ್ನೋ ಜಾಗದಲ್ಲಿ ಒಂದು ಸಣ್ಣ ಸದ್ದಿನ ಕೈಚಳಕ ಇದೆ, ಅದನ್ನು ಮಾತ್ರ ಹೇಳಲ್ಲ. ಆಗಿನ ಇರಾನಿನ ದೊರೆ ಶಾ ಓದಿದ ಸ್ವಿಟ್ಜರ್ಲೆಂಡಿನ ಶಾಲೆಯಲ್ಲೇ ಹೆಲ್ಮ್ಸೂ ಓದಿದ್ದರು. ಅದನ್ನು ಇದರಲ್ಲಿ ತುರುಕದೆ ಸುಮ್ನೆ ಮೂರು ನಿಮಿಷದ ತುಣುಕು ಮಾಡಿ ಬಿಟ್ಟೆ. ಅದು ಮುಖ್ಯ ಎಪಿಸೋಡಿಗಿಂತ ಜಾಸ್ತಿ ಓಡಿತು, ಯಾಕೆ ಅಂತ ಇನ್ನೂ ತಿಳಿದಿಲ್ಲ.

ದುರ್ಯೋಧನ ಗೆಳೆಯ ಈಗ ಶಾ ಪಾತ್ರ ಕೊಡು ಅಂತ ದಿನಾ ಫೋನ್ ಮಾಡುತ್ತಿದ್ದಾನೆ.