ಮೊದಲ ವರ್ಷದ ಬ್ಯಾಸ್ಕೆಟ್‌ಬಾಲ್ ಹುಡುಗಿಯನ್ನು ಪಳಗಿಸೋದು ಹೇಗೆ

ಪಿಯುಸಿಯಲ್ಲಿ ಇಡೀ ತಂಡವನ್ನು ಹೊತ್ತುಕೊಂಡು ಆಡಿದ ಹುಡುಗಿ ಡಿಗ್ರಿಗೆ ಬಂದ ಕೂಡಲೇ ಮಂಕಾಗುತ್ತಾಳೆ. ಶಿವಮೊಗ್ಗದಲ್ಲಿ ಕಾಲೇಜು ಹುಡುಗಿಯರಿಗೆ ಬ್ಯಾಸ್ಕೆಟ್‌ಬಾಲ್ ಕಲಿಸುವ ನಾನು ಪ್ರತಿ ವರ್ಷ ಇದನ್ನೇ ನೋಡುತ್ತೇನೆ. ಗಾಬರಿ ಬೇಡ.

ಮೊದಲು ಡ್ರಿಬಲ್, ಅಂದರೆ ಚೆಂಡನ್ನು ನೆಲಕ್ಕೆ ಪುಟಿಸುತ್ತಾ ಒಬ್ಬಳೇ ಓಡುವ ಚಟ ಬಿಡಿಸಿ. ತೀರ್ಥಹಳ್ಳಿ ಕಡೆಯಿಂದ ಬಂದವಳೊಬ್ಬಳು ಚೆಂಡು ಸಿಕ್ಕರೆ ಯಾರಿಗೂ ಕೊಡುತ್ತಿರಲಿಲ್ಲ. ಚೆಂಡು ಸಿಕ್ಕ ತಂಡಕ್ಕೆ ಶಾಟ್ ಹೊಡೆಯಲು ಇರುವುದೇ 24 ಸೆಕೆಂಡು, ಅದರಲ್ಲಿ 8ರೊಳಗೆ ಅರ್ಧ ಕೋರ್ಟ್ ದಾಟಬೇಕು. ಇವಳೊಬ್ಬಳೇ 15 ಸೆಕೆಂಡು ತಿಂದುಬಿಡುತ್ತಿದ್ದಳು. ಎರಡು ವಾರ ಬರೀ ಪಾಸಿನ ಆಟ ಆಡಿಸಿದೆ. "ಮೇಡಂ, ನಂಗೆ ಆಟಾನೇ ಮರ್ತೋಗುತ್ತೆ" ಅಂತ ಅತ್ತಳು. ಮೂರನೇ ವಾರ ತಲೆ ಎತ್ತಿ, ಬದಿಯಲ್ಲಿ ಓಡುವವಳನ್ನು ನೋಡತೊಡಗಿದಳು.

ಆಮೇಲೆ ಡಿಫೆನ್ಸ್. ಕೈ ಚಾಚುವ ಚಟದಿಂದಲೇ ಫೌಲು. 5 ಆದರೆ ಆಟದಿಂದ ಹೊರಗೆ. ಟವೆಲಿನ ಎರಡೂ ತುದಿ ಬೆನ್ನ ಹಿಂದೆ ಹಿಡಿಸಿ, ಕಾಲು ಸರಿಸುತ್ತಾ ಎದುರಾಳಿಯ ದಾರಿ ತಡೆಯಲು ಹೇಳಿ.

ಮಳೆಗಾಲದಲ್ಲಿ ನಮ್ಮ ಸಿಮೆಂಟ್ ಕೋರ್ಟು ಪಾಚಿ ಕಟ್ಟುತ್ತದೆ. ಆಗ ವರಾಂಡದಲ್ಲಿ ಹಾರಿ, ಮಂಡಿ ಬಗ್ಗಿಸಿ ಮೆತ್ತಗೆ ಇಳಿಯುವ ಅಭ್ಯಾಸ. ಹುಡುಗಿಯರ ಮಂಡಿಗೆ ಇದು ಬೇಕೇಬೇಕು.

ಮ್ಯಾಚಿನಲ್ಲಿ ತಪ್ಪು ಮಾಡಿದ ತಕ್ಷಣ ಎಳೆದು ಕೂರಿಸಬೇಡಿ. ನಾನು ಹಾಗೆ ಮಾಡಿ ಒಬ್ಬಳನ್ನು ಕಳೆದುಕೊಂಡೆ. ಮರುದಿನದಿಂದ ಅವಳು ಗ್ರೌಂಡಿಗೇ ಬರಲಿಲ್ಲ.